ಬಾನೆಟ್ ಕೆಳಗೆ ಬೆಂಕಿ ಹತ್ತಿ ಆರಿಸಿದ ಹಳೆ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬಹುದಾ?

ಮೊದಲೇ ಪೆಟ್ರೋಲ್ ವಾಸನೆ ಬರ್ತಿತ್ತು, ಬೆಂಕಿ ಕಾರ್ಬ್ಯುರೇಟರ್ (ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ಹತ್ತಿರ ಎದ್ದಿತು ಅಂದಿದ್ದೀರಿ. ಹಾಗಾದರೆ ಬಿರುಕು ಬಿಟ್ಟ ಪೆಟ್ರೋಲ್ ಪೈಪಿನ ಮೇಲೇ ನನ್ನ ಅನುಮಾನ. ನೋಡದೆ ಖಚಿತವಾಗಿ ಹೇಳಲಾರೆ. ಜಾಸ್ತಿ ಸುಟ್ಟಿರುವುದು ಫ್ಯೂಸ್ ಬಾಕ್ಸ್ ಕಡೆಯಾದರೆ ವೈರ್ ಶಾರ್ಟ್ ಆಗಿರಬಹುದು.

ಈಗಲೇ ಸ್ಟಾರ್ಟ್ ಮಾಡಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಇನ್ಶೂರೆನ್ಸ್ ಇದ್ದರೆ ಬೇರೇನನ್ನೂ ಮುಟ್ಟುವ ಮೊದಲು ಫೋಟೋ ತೆಗೆದಿಡಿ.

ಆಮೇಲೆ ಬೆಂಕಿ ಆರಿಸಲು ನೀವು ಅಗ್ನಿಶಾಮಕ ಸಿಲಿಂಡರ್‌ನಿಂದ ಸಿಂಪಡಿಸಿದ ಪುಡಿ. ಇದನ್ನು ಸುಮ್ನೆ ಬಿಡಬೇಡಿ. ಅದು ತೇವ ಹೀರಿಕೊಂಡು ಅಲ್ಯೂಮಿನಿಯಂ, ವೈರ್ ಕನೆಕ್ಟರ್ ಎಲ್ಲವನ್ನೂ ತಿನ್ನುತ್ತದೆ. ಮೊದಲು ಒಣಗಿದ್ದಾಗಲೇ ವ್ಯಾಕ್ಯೂಮ್‌ನಿಂದ ಎಳೆಯಿರಿ, ನಂತರವೇ ಒದ್ದೆ ಬಟ್ಟೆ. ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯಿ ನೋಡಿ. ಒಳಗೆ ಪುಡಿ ಕಂಡರೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಲೇಬೇಕು. ಅದು ಎಂಜಿನ್ ಒಳಗೆ ಹೋಗಬಾರದು.

ಸುಟ್ಟ ವೈರಿಗೆ ಟೇಪ್ ಸುತ್ತಬೇಡಿ. ತಾಮ್ರ ಹೊಳೆಯುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ವೈರ್ ಹಾಕಿ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ರಬ್ಬರ್ ಪೈಪ್, ಕ್ಲಿಪ್ ಎಲ್ಲ ಬದಲಾಯಿಸಿ. ಎಥನಾಲ್ ಬೆರೆತ ಪೆಟ್ರೋಲ್ ತಡೆಯುವ ಪೈಪನ್ನೇ ಕೇಳಿ, ಹಳೆ ರಬ್ಬರ್ ಅದಕ್ಕೆ ಬೇಗ ಹಾಳಾಗುತ್ತದೆ. ಬ್ರೇಕ್ ಆಯಿಲ್ ಡಬ್ಬಿ, ಬ್ರೇಕ್ ಹೋಸ್ ಕರಗಿದೆಯಾ ನೋಡಿ. ಅದರಲ್ಲಿ ಅನುಮಾನವಿದ್ದರೆ ಕಾರನ್ನು ಓಡಿಸದೆ ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ಎಲ್ಲ ಮುಗಿದ ಮೇಲೆ ಬ್ಯಾಟರಿ ಜೋಡಿಸಿ. ಇಗ್ನಿಷನ್ ಕಾಯಿಲ್‌ಗೆ (ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವ ಭಾಗ) ಕರೆಂಟ್ ಕೊಡುವ ವೈರ್ ಬಿಚ್ಚಿಟ್ಟು ಸೆಲ್ಫ್ ಹೊಡೆಯಿರಿ. ಕಿಡಿ ಇಲ್ಲದೆ ಪೆಟ್ರೋಲ್ ಮಾತ್ರ ಬರುತ್ತದೆ, ಸೆಲ್ಫ್ ನಿಲ್ಲಿಸಿದ ಮೇಲೆ ಪೆಟ್ರೋಲ್ ಪೈಪಿನ ಪ್ರತಿ ಜಾಯಿಂಟನ್ನೂ ಬೆರಳಿನಿಂದ ಮುಟ್ಟಿ ನೋಡಿ. ಒಂದು ಹನಿಯೂ ಇಲ್ಲದಿದ್ದರೆ ಮಾತ್ರ ವೈರ್ ಜೋಡಿಸಿ ಸ್ಟಾರ್ಟ್ ಮಾಡಿ. ಬಾನೆಟ್ ತೆರೆದಿರಲಿ, ಹೊಸ ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವಂತಿರಲಿ.