ಅಮೆರಿಕದ ಗಾಯಕ ಮಿಸಿಸಿಪ್ಪಿ ಜಾನ್ ಹರ್ಟ್ ಅವರನ್ನು ಡೆಲ್ಟಾ ಬ್ಲೂಸ್ ಗಿಟಾರ್ ವಾದಕ ಎನ್ನಬಹುದೇ?

ಪೂರ್ತಿ ಹಾಗನ್ನಲಾಗದು ಅಂತ ನನ್ನ ಅನಿಸಿಕೆ. ಡೆಲ್ಟಾ ಬ್ಲೂಸ್ ಅಂದರೆ ಮಿಸಿಸಿಪ್ಪಿ ರಾಜ್ಯದ ಡೆಲ್ಟಾ ಎಂಬ ಬಯಲು ಸೀಮೆಯಲ್ಲಿ ಬೆಳೆದ ಕಪ್ಪು ಅಮೆರಿಕನ್ನರ ಹಾಡುಗಾರಿಕೆ. ಹರ್ಟ್ ಬೆಳೆದ ಅವಲಾನ್ ಎಂಬ ಊರು ಇರುವುದು ಮಿಸಿಸಿಪ್ಪಿಯ ಕ್ಯಾರಲ್ ಕೌಂಟಿಯಲ್ಲಿ, ಡೆಲ್ಟಾದ ಹತ್ತಿ ಬಯಲು ಮುಗಿದು ಗುಡ್ಡಗಳು ಶುರುವಾಗುವ ಅಂಚಿನಲ್ಲಿ. ನುಡಿಸುವ ರೀತಿಯೂ ಬೇರೆ: ಹೆಬ್ಬೆರಳು ಮಂದ್ರ ತಂತಿಗಳ ಮೇಲೆ ಬಿಡದೆ ಲಯ ಹಿಡಿದಿದ್ದರೆ, ಉಳಿದ ಬೆರಳುಗಳು ಹಾಡಿನ ಮಟ್ಟನ್ನೇ ಮೀಟುತ್ತವೆ. ಡೆಲ್ಟಾದವರ ಒರಟು ಕೂಗಿಲ್ಲ, ದನಿ ಬಲು ಮೆತ್ತಗೆ. 1928ರಲ್ಲಿ ಓಕೆ ಎಂಬ ರೆಕಾರ್ಡ್ ಕಂಪನಿಗಾಗಿ ಮೆಂಫಿಸ್ ಮತ್ತು ನ್ಯೂಯಾರ್ಕ್‌ನಲ್ಲಿ ಹಾಡಿ ಧ್ವನಿಮುದ್ರಿಸಿದರು. ಗ್ರಾಮಫೋನ್ ಪ್ಲೇಟುಗಳು ಅಷ್ಟಾಗಿ ಖರ್ಚಾಗಲಿಲ್ಲ; ಮತ್ತೆ ಹೊಲದ ದುಡಿಮೆ. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಬ್ಲೂಸ್ ಪ್ರೇಮಿ ಅವರನ್ನು ಪತ್ತೆಹಚ್ಚಿದ್ದು ಹರ್ಟ್ ಅವರ 'ಅವಲಾನ್ ಬ್ಲೂಸ್' ಹಾಡಿನಲ್ಲಿದ್ದ ಊರಿನ ಹೆಸರಿನ ಜಾಡು ಹಿಡಿದೇ! ಅದೇ ವರ್ಷ ಹರ್ಟ್ ಅಮೆರಿಕದ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದ ವೇದಿಕೆ ಏರಿದರು. 1966ರಲ್ಲಿ ಮಿಸಿಸಿಪ್ಪಿಯ ಗ್ರೆನಡಾದಲ್ಲಿ ತೀರಿಕೊಂಡರು.