ಮಕ್ಕಳ ಜೊತೆಗಿದ್ದರೂ ಮನಸ್ಸು ಮನೆಗೆಲಸದ ಮೇಲೆಯೇ ಇರುತ್ತದೆ, ನಿರಾಳವಾಗಿರುವುದು ಹೇಗೆ?

ನಾಲ್ಕು ಮತ್ತು ಎರಡು ವರ್ಷದ ಮಕ್ಕಳ ಎದುರು ಕುಳಿತಾಗಲೂ ತೊಳೆಯದ ಪಾತ್ರೆ, ಮಡಚದ ಬಟ್ಟೆಗಳೇ ಕಣ್ಣ ಮುಂದೆ ಬರುತ್ತವೆ, ಅವರೊಡನೆ ಆಡುವುದೂ ಒಂದು ಕೆಲಸವೆನಿಸುತ್ತದೆ ಎಂದು ನೀವು ಬರೆದಿದ್ದೀರಿ. ನನ್ನ ಮಕ್ಕಳಿಗೆ ಈಗ ಒಂಬತ್ತು ಮತ್ತು ಏಳು ವರ್ಷ. ಅವರು ಆ ವಯಸ್ಸಿನಲ್ಲಿದ್ದಾಗ ನಾನೂ ಹೀಗೆಯೇ ಇದ್ದೆ. ಸಂಜೆ ಆರೂವರೆಗೆ ಕೆಲಸದಿಂದ ಬಂದವಳು ಎಂಟೂವರೆಯೊಳಗೆ ಸ್ನಾನ, ಊಟ, ಕಥೆ, ನಿದ್ದೆ ಎಲ್ಲವನ್ನೂ ಮುಗಿಸಲೇಬೇಕೆಂದು ಹಟ ಹಿಡಿದು, ಚಪ್ಪಲಿ ಹಾಕಿಕೊಳ್ಳಲು ಮಗಳು ಐದು ನಿಮಿಷ ತೆಗೆದುಕೊಂಡರೂ ರೇಗುತ್ತಿದ್ದೆ.

ಬದಲಾವಣೆ ಶುರುವಾದದ್ದು ಅವರೆಕಾಯಿ ಕಾಲದ ಒಂದು ಭಾನುವಾರ. ಹಿತಕಿದಬೇಳೆ ಸಾರಿಗೆಂದು ರಾತ್ರಿಯೇ ನೆನೆಹಾಕಿದ್ದ ಕಾಳನ್ನು ಹಿತುಕುತ್ತ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದೆ. ಮಗಳು ಬಂದು ಒಂದು ಕಾಳನ್ನು ಎರಡು ಬೆರಳ ನಡುವೆ ಒತ್ತಿದಳು. ಬೇಳೆ ಚಂಗನೆ ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು, ಸಿಪ್ಪೆ ಬೆರಳಿಗೇ ಅಂಟಿಕೊಂಡಿತು. ಅವಳು ಬಿದ್ದು ಬಿದ್ದು ನಕ್ಕಳು. ತಮ್ಮನೂ ಬಂದ. ಇಪ್ಪತ್ತು ನಿಮಿಷದ ಕೆಲಸಕ್ಕೆ ಒಂದೂಕಾಲು ಗಂಟೆ ಹಿಡಿಯಿತು, ಆದರೆ ಅಷ್ಟು ಹೊತ್ತೂ ನಾನು ಒಮ್ಮೆಯೂ ಗಡಿಯಾರ ನೋಡಿರಲಿಲ್ಲ. ಆಟಕ್ಕೆಂದೇ ಬೇರೆ ಸಮಯ ಹೊಂದಿಸಲು ಒದ್ದಾಡುವ ಬದಲು, ಇರುವ ಕೆಲಸವನ್ನೇ ಮಕ್ಕಳ ವೇಗಕ್ಕೆ ಇಳಿಸಬಹುದೆಂದು ನನಗೆ ಹೊಳೆದದ್ದು ಆಗ.

ಇದಕ್ಕಾಗಿ ಕೆಲವನ್ನು ಬಿಡಬೇಕಾಯಿತು. ವಾರದಲ್ಲಿ ಎರಡು ರಾತ್ರಿ ಮೊಸರನ್ನ, ಉಪ್ಪಿನಕಾಯಿಯಷ್ಟೇ. ಬಟ್ಟೆ ಮಡಚುವುದು ಮಕ್ಕಳು ಮಲಗಿದ ಮೇಲೆ, ಇಲ್ಲವೇ ಮರುದಿನ. ಮೊಬೈಲ್ ಏಳೂವರೆಯವರೆಗೆ ಮಲಗುವ ಕೋಣೆಯಲ್ಲೇ ಇರುತ್ತಿತ್ತು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ.

ಪುಟ್ಟ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ದೈಹಿಕ ಚಟುವಟಿಕೆ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯನ್ನು ಓದಿ ನಾನು ಗಾಬರಿಗೊಂಡಿದ್ದೆ. ಅದು ದಿನವಿಡೀ ಹಂಚಿಹೋಗುವ, ಬಗೆಬಗೆಯ ಓಡಾಟವಾಗಿದ್ದರೆ ಸಾಕು; ಮೂರು-ನಾಲ್ಕು ವರ್ಷದವರಿಗೆ ಮಾತ್ರ ಅದರಲ್ಲಿ ಕನಿಷ್ಠ 60 ನಿಮಿಷ ತುಸು ಚುರುಕಾದ ಓಟ, ಆಟ ಇರಬೇಕು. ಮೆಟ್ಟಿಲು ಹತ್ತುವುದೂ, ತರಕಾರಿ ಅಂಗಡಿಯವರೆಗೆ ನಡೆಯುವುದೂ ಲೆಕ್ಕಕ್ಕೆ ಬರುತ್ತವೆ. ಪ್ರತಿ ಕ್ಷಣವೂ ನೀವೇ ಆಡಿಸಬೇಕಾಗಿಲ್ಲ. ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ 1953ರಲ್ಲೇ ಬರೆದಂತೆ, ಮೊದಮೊದಲು ಕೂಸಿನ ಅಗತ್ಯಕ್ಕೆ ಬಹುತೇಕ ಪೂರ್ತಿ ಹೊಂದಿಕೊಳ್ಳುವ ತಾಯಿ, ಅದು ತಾಳಿಕೊಳ್ಳಲು ಕಲಿತ ಹಾಗೆಲ್ಲ ಸ್ವಲ್ಪ ಸ್ವಲ್ಪವೇ ಹಿಂದೆ ಸರಿದರೆ ಸಾಕು. ನಿಮ್ಮ ನಾಲ್ಕು ವರ್ಷದ ಮಗು ಹತ್ತು ನಿಮಿಷ ತಾನೇ ಆಡಿಕೊಂಡರೆ ನೀವು ತಪ್ಪು ಮಾಡಿದಂತಲ್ಲ.

ಒಂದು ಮಾತನ್ನು ಕಾಳಜಿಯಿಂದ ಹೇಳುತ್ತೇನೆ: ಮಕ್ಕಳ ವಿಷಯದಲ್ಲಿ ಮಾತ್ರವಲ್ಲದೆ ಯಾವುದರಲ್ಲೂ ಸಂತೋಷವಿಲ್ಲದೆ ಎರಡು ವಾರ ಕಳೆದಿದ್ದರೆ, ಅದನ್ನು ಬರಿಯ ದಣಿವೆಂದು ತಳ್ಳಿಹಾಕಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಹಾಗಿಲ್ಲದಿದ್ದರೆ, ನಾಳೆ ಸಂಜೆ ಬಟಾಣಿ ಸುಲಿಯುವಾಗಲೋ ಕೊತ್ತಂಬರಿ ಸೋಸುವಾಗಲೋ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅರ್ಧ ನೆಲದ ಮೇಲೆ ಚೆಲ್ಲುತ್ತದೆ. ಕೊನೆಯಲ್ಲಿ ಮೂವರೂ ಸೇರಿ ಗುಡಿಸಿದರಾಯಿತು.