ಹಳೇ ಬಣ್ಣದ ಕಪಾಟು: ಉಜ್ಜುವ ಮೊದಲು ತೊಳೆಯಿರಿ

ಪ್ರಶ್ನೆ: ನಮ್ಮದು ಕಾರವಾರದಲ್ಲಿ ಸಮುದ್ರದ ಹತ್ತಿರದ ಹಳೇ ಮನೆ. ಅಡುಗೆಮನೆಯ ಮರದ ಕಪಾಟಿಗೆ ಅಪ್ಪ ಹಸಿರು ಎನಾಮಲ್ ಪೇಂಟ್ ಹೊಡೆಸಿ ಮೂವತ್ತು ವರ್ಷವಾಯಿತು. ಎರಡು ವರ್ಷದ ಹಿಂದೆ ಅದರ ಮೇಲೆ ನಾವೇ ಬಿಳಿ ಪೇಂಟ್ ಹಚ್ಚಿದೆವು. ಈಗ ಒಲೆ ಪಕ್ಕದ ಬಾಗಿಲುಗಳಲ್ಲಿ ಸಿಪ್ಪೆ ಏಳುತ್ತಿದೆ. ಮರ ಕಾಣುವವರೆಗೆ ಉಜ್ಜಬೇಕಾ? ಚೌತಿಯೊಳಗೆ ಮುಗಿಸುವ ಆಸೆ.

ಉತ್ತರ: ಬೇಡ, ಅಷ್ಟು ಶ್ರಮ ಬೇಕಿಲ್ಲ. ಉದುರಿದ ಒಂದು ಸಿಪ್ಪೆ ಕೈಗೆತ್ತಿಕೊಂಡು ಹಿಂಬದಿ ನೋಡಿ. ಅದು ನುಣ್ಣಗಿದ್ದು, ಅದರ ಜಾಗದಲ್ಲಿ ಹಸಿರು ಬಣ್ಣ ಇನ್ನೂ ಹೊಳೆಯುತ್ತಿದ್ದರೆ ಕಾರಣ ಸಿಕ್ಕಿತು. ಬಿಳಿ ಪೇಂಟಿಗೆ ಹಿಡಿತವೇ ಸಿಕ್ಕಿಲ್ಲ. ಗಟ್ಟಿಯಾಗಿ ಕೂತಿರುವ ಹಸಿರು ಅಲ್ಲೇ ಇರಲಿ. ಅದರ ಹೊಳಪು ಹೋಗಿ ಮಂಕಾದರೆ ಸಾಕು.

ಮೊದಲ ಕೆಲಸ ತೊಳೆಯುವುದು. ದಿನಾ ಮೀನು ಹುರಿಯುವ, ಒಗ್ಗರಣೆ ಹಾಕುವ ಅಡುಗೆಮನೆಯಲ್ಲಿ ಬಾಗಿಲ ಮೇಲೆ ಕಣ್ಣಿಗೆ ಕಾಣದ ಜಿಡ್ಡು ಇದ್ದೇ ಇರುತ್ತದೆ. ಅದರ ಮೇಲೇ ಉಜ್ಜುವ ಪೇಪರ್ (ಸ್ಯಾಂಡ್‌ಪೇಪರ್) ಆಡಿಸಿದರೆ ಜಿಡ್ಡು ಹೊಸ ಗೀರುಗಳೊಳಗೆ ಸೇರಿ ಕೂರುತ್ತದೆ. ನನ್ನ ಮನೆಯಲ್ಲೇ ಒಮ್ಮೆ ಹಾಗಾಗಿ, ಹೊಡೆದ ಬಣ್ಣವನ್ನೆಲ್ಲ ಮತ್ತೆ ಕೆರೆಯಬೇಕಾಯಿತು. ಪಾತ್ರೆ ಸೋಪು ಹಾಕಿದ ಬಿಸಿನೀರಲ್ಲಿ ಒರೆಸಿ, ಆಮೇಲೆ ಎರಡು ಸಲ ಬರೀ ನೀರಲ್ಲಿ ಒರೆಸಿ. ಹಿಡಿಕೆಯ ಸುತ್ತ ಇನ್ನೂ ಜಾಸ್ತಿ ತಿಕ್ಕಿ. ಸೀಮೆಎಣ್ಣೆ ಮಾತ್ರ ಬಳಸಬೇಡಿ, ಅದೂ ಪಸೆ ಬಿಡುತ್ತದೆ.

ಈಗ ಮುಖ್ಯವಾದ ಮಾತು, ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ಮೂವತ್ತು ವರ್ಷದ ಹಿಂದಿನ ಎನಾಮಲ್‌ನಲ್ಲಿ ಸೀಸ ಇರುವ ಸಾಧ್ಯತೆ ಇದೆ. ನಮ್ಮ ದೇಶದಲ್ಲಿ ಮನೆ ಪೇಂಟಿನಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅಂಥ ಬಣ್ಣ ಉಜ್ಜಿದಾಗ ಏಳುವ ಧೂಳು ಮಕ್ಕಳಿಗೂ ಗರ್ಭಿಣಿಯರಿಗೂ ತುಂಬಾ ಅಪಾಯ. ಹಾಗಾಗಿ ಉಜ್ಜುವ ಮಷಿನ್ ಬೇಡ, ಒಣ ಪೇಪರೂ ಬೇಡ. ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಪೇಪರ್) ತನ್ನಿ, ನೀರು ಚಿಮುಕಿಸುತ್ತಾ ಕೈಯಲ್ಲೇ ಉಜ್ಜಿ. ಎನ್95 ಮಾಸ್ಕ್ ಇರಲಿ, ಅಡುಗೆ ಪಾತ್ರೆಗಳು ಹೊರಗಿರಲಿ. ಕೆಳಗೆ ಪ್ಲಾಸ್ಟಿಕ್ ಹಾಸಿ. ಬಿದ್ದ ರಾಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆಯಿರಿ, ಪೊರಕೆ ಹಾಕಬೇಡಿ.

ಎದ್ದ ಸಿಪ್ಪೆಯನ್ನು ಮೊದಲು ಪುಟ್ಟಿ ಹಚ್ಚುವ ತಗಡಿನ ಪಟ್ಟಿಯಿಂದ ಕೆರೆದು ತೆಗೆಯಿರಿ. ಗಟ್ಟಿ ಬಣ್ಣ ಶುರುವಾಗುವ ಅಂಚಿಗೆ 120 ನಂಬರ್ ಪೇಪರ್ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ). ಕಣ್ಣು ಮುಚ್ಚಿ ಬೆರಳಾಡಿಸಿದಾಗ ಮೆಟ್ಟಿಲು ಸಿಗಬಾರದು. ಉಳಿದ ಕಡೆಗೆ 220 ಸಾಕು. ಹಳೇ ರಬ್ಬರ್ ಚಪ್ಪಲಿಯ ತುಂಡಿಗೆ ಪೇಪರ್ ಸುತ್ತಿಕೊಂಡರೆ ಒತ್ತಡ ಒಂದೇ ಸಮ ಬೀಳುತ್ತದೆ. ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ಆಮೇಲೆ ಟಾರ್ಚನ್ನು ಬಾಗಿಲಿಗೆ ಓರೆಯಾಗಿ ಹಿಡಿದು ನೋಡಿ, ಮಿಂಚುವ ಜಾಗ ಉಳಿದಿದ್ದರೆ ಅಲ್ಲಿ ಇನ್ನೊಮ್ಮೆ. ಒಣಗಿದ ಮೇಲೆ ಮರ ಕಂಡಲ್ಲಿ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ), ತಗ್ಗಿದ್ದಲ್ಲಿ ಪುಟ್ಟಿ (ತಗ್ಗು ತುಂಬುವ ಲೇಪ).

ಇನ್ನು ಚೌತಿ ವಿಷಯ. ಆಸೆ ಅರ್ಥವಾಗುತ್ತದೆ. ಆದರೆ ನಮ್ಮ ಕರಾವಳಿ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿರುತ್ತದೆ, ಬಾಗಿಲು ಬಿಗಿಯಾಗೋದು ನೋಡಿದ್ದೀರಲ್ವಾ? ಆಗ ಬಣ್ಣ ಹೊಡೆದರೆ ಒಳಗಿನ ತೇವ ಗುಳ್ಳೆ ಎಬ್ಬಿಸುತ್ತದೆ. ಚೌತಿಗೆ ಚೆನ್ನಾಗಿ ತೊಳೆದಿಡಿ. ದೀಪಾವಳಿ ಕಳೆದು ನಾಲ್ಕು ಬಿಸಿಲು ಬಿದ್ದ ಮೇಲೆ ಇನ್ನೊಮ್ಮೆ ತೊಳೆದು ಪೇಪರ್ ಹಿಡಿಯಿರಿ.